ಒಂದು ಸಾಲಿನ ಆಸೆಗೆ ಇಪ್ಪತ್ಮೂರು ಸಾಲು

ನಾನು ಮಸ್ಕಿ ಸೀಮೆಯ ಒಣಬೇಸಾಯದವನು. ನಾಲ್ಕು ಎಕರೆ ಎರಿ ಹೊಲ, ಅದರಾಚೆ ಒಂದಿಷ್ಟು ಮಸಾರಿ. ಓದಿದ್ದು ಏಳನೇ ಕ್ಲಾಸ್ ತನಕ. ಈ ಪತ್ರಿಕೆಯಲ್ಲಿ ಬೆಳೆ, ಗೊಬ್ಬರ, ಬೀಜ, ದರ ಎಲ್ಲದರ ಬಗ್ಗೆ ಓದುತ್ತೇನೆ. ಆದರೆ ಎರಡು ಹೊಲದ ನಡುವೆ ಇರುವ ಆ ಆರಡಿ ನೆಲದ ಬಗ್ಗೆ ಬರೆಯುವವರು ಕಡಿಮೆ. ನಾನು ಬದುವಿನ ವಿಚಾರದಲ್ಲಿ ಒಂದು ಸಲ ಕೆಟ್ಟಿದ್ದೇನೆ, ಒಂದು ಸಲ ತಪ್ಪಿ ನಡೆದಿದ್ದೇನೆ. ಎರಡನ್ನೂ ಮುಚ್ಚಿಡದೆ ಹೇಳುತ್ತೇನೆ. ಓದಿದವರು ನನ್ನಂತೆ ಕೆಡಬಾರದು ಅನ್ನುವುದಷ್ಟೇ ಆಸೆ.

ನನ್ನ ಎರಿ ಹೊಲದ ಪಡುವಲ ದಿಕ್ಕಿಗೆ ಅಪ್ಪನ ಕಾಲದ ಒಂದು ಬದು ಇತ್ತು. ಆರಡಿ ಅಗಲ. ಅದರ ತುಂಬ ಲೆಕ್ಕಿ, ತಂಗಡಿ, ಬಾರಿ, ನಡುನಡುವೆ ಒಂದೆರಡು ಬನ್ನಿ. ಆಳು ಕೈ ಎತ್ತಿದಷ್ಟು ಎತ್ತರ ದಟ್ಟಾಗಿ ಬೆಳೆದಿತ್ತು. ಯಾರೂ ನೆಟ್ಟದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. 2019ರ ಬೇಸಿಗೆಯಲ್ಲಿ ಪಕ್ಕದ ಹೊಲದವನು ಬಂದ. ವರಸೆಯಲ್ಲಿ ಅಳಿಯ ಆಗಬೇಕು. "ಮಾವ, ಜೆಸಿಬಿ ಬಂದದ. ಈ ಕಂಟಿ ಎಲ್ಲ ಕಿತ್ತು ಹಾಕಿದ್ರ ನಿನಗೊಂದು ಸಾಲು, ನನಗೊಂದು ಸಾಲು ಸಿಗ್ತದ. ಹಾವಿನ ಕಾಟಾನೂ ತಪ್ತದ" ಅಂದ. ನಾನೂ ಹೂಂ ಅಂದೆ. ಬಾಡಿಗೆ ಇಬ್ಬರೂ ಅರ್ಧ ಅರ್ಧ ಕೊಟ್ಟೆವು. ಮಧ್ಯಾಹ್ನದೊಳಗೆ ಮೂವತ್ತು ನಲವತ್ತು ವರ್ಷದ ಬೇಲಿ ಬಯಲಾಯಿತು. ನಡುವೆ ಗೇಣಗಲ ಮಣ್ಣಿನ ಏರಿ, ಅದರ ತುದಿಗೆ ಬಾಂದಗಲ್ಲು. ಅಷ್ಟೇ ಉಳಿಯಿತು.

ಎರಡು ವರ್ಷ ಏನೂ ಆಗಲಿಲ್ಲ. ಒಂದು ಸಾಲು ಹತ್ತಿ ಹೆಚ್ಚು ಬಿಡಿಸಿದೆ, ಖುಷಿಪಟ್ಟೆ. 2021ರ ಶ್ರಾವಣದಲ್ಲಿ ಅಳಿಯ ಬೋರಿನ ನೀರಿಗೆ ಮೆಕ್ಕೆಜೋಳ ಹಾಕಿದ್ದ. ಕಸ ಹೆಚ್ಚಾಗಿತ್ತು. ಆಳು ಸಿಗಲಿಲ್ಲ ಅಂತ 2,4-ಡಿ ಕಳೆನಾಶಕ ಹೊಡೆಸಿದ. ಆ ತಿಂಗಳಲ್ಲಿ ನಮ್ಮ ಕಡೆ ಗಾಳಿ ಪಡುವಲದಿಂದಲೇ ಬೀಸುವುದು, ನಿಮಗೆ ಗೊತ್ತೇ ಇದೆ. ವಾರ ಕಳೆದ ಮೇಲೆ ನನ್ನ ಹತ್ತಿಯ ಹೊಸ ಎಲೆಗಳು ಅಗಲ ಬಿಟ್ಟು ಬೆರಳಿನಂತೆ ಉದ್ದ ಬರತೊಡಗಿದವು. ಕಪ್ಪೆಯ ಕಾಲು ನೋಡಿದಂಗ. ಮೊಗ್ಗು ಉದುರಿದವು. ನಾನು ರೋಗ ಅಂದುಕೊಂಡು ಅಂಗಡಿಗೆ ಓಡಿದೆ. ಎರಡು ಸಲ ಔಷಧ, ಒಂದು ಸಲ ಟಾನಿಕ್ಕು ತಂದು ಹೊಡೆದೆ. ಆ ದುಡ್ಡೂ ನೀರಿಗೆ ಹೋಯಿತು. ಕೊನೆಗೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ನಮ್ಮೂರ ಹುಡುಗ ಒಂದೇ ಎಲೆ ನೋಡಿ ಹೇಳಿದ: "ಕಾಕಾ, ಇದು ರೋಗ ಅಲ್ಲ. ಪಕ್ಕದವರು ಏನು ಹೊಡೆದಾರ ಕೇಳ್ರಿ."

ಹತ್ತಿಗೆ 2,4-ಡಿ ಅಂದರೆ ಕಡು ವೈರಿ. ಜೋಳ, ಮೆಕ್ಕೆಜೋಳ, ಭತ್ತ, ಸಜ್ಜೆ ಇಂಥ ಹುಲ್ಲಿನ ಜಾತಿಗೆ ಅಷ್ಟಾಗಿ ತಾಗದೆ ಅಗಲ ಎಲೆಯ ಕಸ ಸಾಯಿಸುವ ಔಷಧ ಅದು. ಹತ್ತಿ, ತೊಗರಿ, ಕಡ್ಲಿ, ಸೂರ್ಯಕಾಂತಿ ಎಲ್ಲವೂ ಅಗಲ ಎಲೆಯವೇ. ಔಷಧಕ್ಕೆ ಯಾವುದು ಕಸ, ಯಾವುದು ಬೆಳೆ ಅಂತ ಏನು ಗೊತ್ತು? ಗಾಳಿಯಲ್ಲಿ ಬಂದ ತುಸು ಹನಿಯೇ ಹತ್ತಿಗೆ ಸಾಕು. ಇನ್ನೊಂದು ಮಾತು: ಆ ಔಷಧ ಹೊಡೆದ ಪಂಪನ್ನು ಸರಿಯಾಗಿ ತೊಳೆಯದೆ ಹತ್ತಿಗೆ ಬೇರೆ ಔಷಧ ಹೊಡೆದರೂ ಹೀಗೇ ಆಗುತ್ತದೆ. ಬಾಡಿಗೆ ಪಂಪು ತರುವವರು ಇದನ್ನು ಮರೆಯಬಾರದು.

ಈಗ ಲೆಕ್ಕ ಕೇಳಿರಿ. ನಾಲ್ಕು ಎಕರೆ ಚೌಕ ಹೊಲದ ಒಂದು ಮಗ್ಗಲು ಸುಮಾರು 417 ಅಡಿ. ಬದು ಕಿತ್ತದ್ದರಿಂದ ನನಗೆ ಸಿಕ್ಕದ್ದು ಮೂರಡಿ, ಅಂದರೆ ಹತ್ತಿಯ ಒಂದು ಸಾಲು. ಗುಂಟೆಯಲ್ಲಿ ಹೇಳುವುದಾದರೆ ಒಂದು ಗುಂಟೆಗೆ ತುಸು ಮೇಲೆ. ಕೆಟ್ಟದ್ದು ಬದುವಿನಿಂದ 70 ಅಡಿ ಒಳಗಿನ ತನಕ. ಅಂದರೆ ಇಪ್ಪತ್ಮೂರು ಸಾಲು. ಸುಮಾರು 27 ಗುಂಟೆ. ಒಂದು ಸಾಲಿನ ಆಸೆಗೆ ಇಪ್ಪತ್ಮೂರು ಸಾಲು ಕೊಟ್ಟೆ.

ಅಳಿಯನ ಹತ್ತಿರ ಹೋದೆ. ಸಿಟ್ಟಿನಲ್ಲೇ ಹೋದೆ. ಅವನು ಅಂದದ್ದು ಇಷ್ಟು: "ಮಾವ, ನಾನು ನನ್ನ ಹೊಲದಾಗ ಹೊಡಿಸೀನಿ. ಗಾಳಿಗೆ ನಾನೇನು ಮಾಡ್ಲಿ? ಬೇಲಿ ಇದ್ದಿದ್ರ ತಡೀತಿತ್ತು. ಅದನ್ನ ಕೀಳೂನು ಅಂದಾಗ ನೀನೂ ಹೂಂ ಅಂದೀಯಲ್ಲ?" ನನ್ನ ಬಾಯಿ ಕಟ್ಟಿತು. ಔಷಧ ಹೊಡೆಯುವಾಗ ಗಾಳಿಯ ದಿಕ್ಕು ನೋಡುವುದು ಅವನ ಜವಾಬ್ದಾರಿ, ಅದನ್ನು ಈಗಲೂ ಹೇಳುತ್ತೇನೆ. ಆದರೆ ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಗಾಳಿಗೆ ಅಡ್ಡ ಇದ್ದ ಬೇಲಿಯ ಎತ್ತರ ಎಷ್ಟಿರುತ್ತದೋ ಅದರ ಹತ್ತು ಪಟ್ಟು ದೂರದ ತನಕ ಆಚೆ ಕಡೆ ಗಾಳಿಯ ಜೋರು ಕಡಿಮೆ ಇರುತ್ತದೆ ಅನ್ನುತ್ತಾರೆ ತಿಳಿದವರು. ನಮ್ಮ ಬೇಲಿ ಏಳಡಿ ಇತ್ತು. ಹತ್ತು ಪಟ್ಟು ಅಂದರೆ 70 ಅಡಿ. ನನ್ನ ಹತ್ತಿ ಕೆಟ್ಟದ್ದೂ ಅಷ್ಟೇ ದೂರ.

ಇದು ನಾನು ಕೆಟ್ಟ ಕಥೆ. ತಪ್ಪಿ ನಡೆದದ್ದು ಇನ್ನೊಂದಿದೆ.

ಅದೇ ಹೊಲದ ಉತ್ತರದ ಬದುವಿನ ಮೇಲೆ ನನ್ನ ಬೇವಿನ ಗಿಡಗಳು ಮೂರು. ಮೂವತ್ತು ಅಡಿ ಎತ್ತರ. ಉತ್ತರಕ್ಕಿರುವ ಹೊಲ ವಯಸ್ಸಾದ ಕಾಕಾ ಒಬ್ಬರದು. ಹಿಂಗಾರಿಗೆ ಬಿಳಿಜೋಳ ಬಿತ್ತುತ್ತಾರೆ. ಒಂದು ವರ್ಷ ಬದುವಿನ ಮೇಲೆ ನಿಂತು ಹೇಳಿದರು: "ತಮ್ಮಾ, ನಿನ್ನ ಗಿಡದ ನೆಳ್ಳು ನನ್ನ ಹೊಲದಾಗ ಬೀಳ್ತದ. ಅದರ ಕೆಳಗ ಜೋಳ ಗೇಣುದ್ದ ಆಗ್ಯಾವ. ತೆನಿ ಇಲ್ಲ. ಏನರ ಮಾಡಪ." ನಾನು ನಕ್ಕು, "ನೆಳ್ಳಿಗೂ ಬಾಡಗಿ ಕೇಳ್ತೀರೇನು ಕಾಕಾ?" ಅಂದುಬಿಟ್ಟೆ. ಅವರು ಮಾತು ಮುಂದುವರಿಸಲಿಲ್ಲ. ಆ ವರ್ಷದ ಎಳ್ಳಮಾಸಿಗೆ ಚರಗ ಚೆಲ್ಲಿ ಊಟಕ್ಕೆ ಕೂತಾಗ ನಮ್ಮನ್ನು ಕರೆಯಲಿಲ್ಲ. ಅಪ್ಪನ ಕಾಲದಿಂದ ಬದು ದಾಟಿ ಹೋಗುತ್ತಿದ್ದ ಸಜ್ಜಿರೊಟ್ಟಿ, ಪುಂಡಿಪಲ್ಲೆ ಎರಡು ವರ್ಷ ನಿಂತಿತು. ನಾನೂ ಹೋಗಲಿಲ್ಲ, ಅವರೂ ಬರಲಿಲ್ಲ.

ನನ್ನ ಹತ್ತಿ ಕೆಟ್ಟ ಮೇಲೆ ಕಾಕಾನ ಜೋಳ ನೆನಪಾಯಿತು. ಪಕ್ಕದವನಿಂದ ನನ್ನ ಹೊಲಕ್ಕೆ ಬಂದದ್ದು ನನಗೆ ಅನ್ಯಾಯ. ನನ್ನಿಂದ ಕಾಕಾನ ಹೊಲಕ್ಕೆ ಹೋದದ್ದು ನಗೆಮಾತು. ಇದು ಸರಿಯೇ? ಆ ಡಿಸೆಂಬರಿನಲ್ಲಿ ಒಂದು ದಿನ ನಡು ಮಧ್ಯಾಹ್ನ ಹತ್ತಡಿ ಬಿದಿರು ಕೋಲನ್ನು ಬದುವಿನ ಮೇಲೆ ನೆಟ್ಟು ಅದರ ನೆರಳು ಅಳೆದೆ. ಎಂಟಡಿಗೆ ಮೇಲೆಯೇ ಬಂತು, ನೇರ ಉತ್ತರಕ್ಕೆ. ಅದೇ ಲೆಕ್ಕದಲ್ಲಿ ಮೂವತ್ತಡಿ ಬೇವಿನ ನೆರಳು ಹತ್ತಿರ ಹತ್ತಿರ 25 ಅಡಿ. ಅದೂ ಹೊತ್ತು ನೆತ್ತಿಗೆ ಬಂದಾಗ. ಮುಂಜಾನೆ, ಸಂಜೆ ಕೇಳುವುದೇ ಬೇಡ.

ಇದಕ್ಕೆ ಕಾರಣ ಸುಲಭ. ನಮ್ಮ ಮಸ್ಕಿ ಭೂಮಧ್ಯರೇಖೆಯಿಂದ ಸುಮಾರು 16 ಡಿಗ್ರಿ ಉತ್ತರಕ್ಕಿದೆ. ಹಿಂಗಾರಿ ಪೂರ್ತಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆದ್ದರಿಂದ ಮೂಡಲ-ಪಡುವಲ ಹಾದ ಬದುವಿನ ಮೇಲೆ ಗಿಡ ಇದ್ದರೆ ಅದರ ನೆರಳೆಲ್ಲ ಉತ್ತರದ ಹೊಲದವನ ಪಾಲಿಗೆ. ದಕ್ಷಿಣದವನಿಗೆ ಏನೂ ಇಲ್ಲ. ಮುಂಗಾರಿಯಲ್ಲಿ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುವುದರಿಂದ ಅಷ್ಟು ತೊಂದರೆ ಇಲ್ಲ. ಆದರೆ ಉತ್ತರ-ದಕ್ಷಿಣ ಹಾದ ಬದುವಿನ ಗಿಡದ ನೆರಳು ಮುಂಜಾನೆ ಪಡುವಲದವನಿಗೆ, ಸಂಜೆ ಮೂಡಲದವನಿಗೆ. ಇಬ್ಬರಿಗೂ ಸಮಪಾಲು. ನಮ್ಮ ಹಿರಿಯರು ಕೆಲವು ಬದುಗಳ ಮೇಲೆ ಮಾತ್ರ ದೊಡ್ಡ ಗಿಡ ಬಿಟ್ಟಿದ್ದಾರೆ, ಕೆಲವು ಬದುಗಳನ್ನು ಬೋಳು ಇಟ್ಟಿದ್ದಾರೆ. ಸುಮ್ಮನೆ ಮಾಡಿದ್ದಲ್ಲ ಅಂತ ನನಗೆ ಈಗ ಅನ್ನಿಸುತ್ತದೆ.

ಕಾನೂನು ಏನು ಹೇಳುತ್ತದೆ ಅಂತ ಸಿಂಧನೂರಿನಲ್ಲಿ ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ಅವರು ಪುಸ್ತಕ ತೆಗೆದು ತೋರಿಸಿದರು. 1882ರ ಭಾರತದ ಅನುಭೋಗ ಹಕ್ಕಿನ ಕಾಯ್ದೆಯ ಪ್ರಕಾರ ಮನೆಯ ಕಿಟಕಿಗೆ ಬಹಳ ವರ್ಷದಿಂದ ಬರುತ್ತಿದ್ದ ಬೆಳಕಿಗೆ ಹಕ್ಕು ಕೇಳಬಹುದು. ಬಯಲು ನೆಲಕ್ಕೆ ಗಾಳಿ-ಬೆಳಕಿನ ಹಕ್ಕು ಎಷ್ಟು ವರ್ಷದ ಬಳಕೆಯಿಂದಲೂ ಹುಟ್ಟುವುದಿಲ್ಲ. ಅಂದರೆ ಕಾಕಾ ಬಿಸಿಲಿನ ಹಕ್ಕು ಅಂತ ಕೋರ್ಟಿಗೆ ಹೋಗಿದ್ದರೆ ಗೆಲ್ಲುತ್ತಿರಲಿಲ್ಲ. ಇನ್ನು ನಮ್ಮ ರಾಜ್ಯದ 1964ರ ಭೂ ಕಂದಾಯ ಕಾಯ್ದೆ ಗಡಿ ಗುರುತು ಕಾಪಾಡುವ ಹೊಣೆಯನ್ನು ಹೊಲದವನ ಮೇಲೇ ಹಾಕಿದೆ. ಬಾಂದಗಲ್ಲು ಕಿತ್ತರೆ ದಂಡ ಇದೆ. ಆದರೆ ಆ ಕಲ್ಲಿನ ಈಚೆ ಆಚೆ ಏನು ಬೆಳೆಸಬೇಕು, ಎಷ್ಟು ಬಿಡಬೇಕು ಅನ್ನುವುದನ್ನು ನಾವೇ ಮಾಡಿಕೊಳ್ಳಬೇಕು.

ಫ್ರಾನ್ಸ್ ದೇಶದಲ್ಲಿ ಇದಕ್ಕೆ ಕಾಯ್ದೆಯೇ ಇದೆಯಂತೆ. ಎರಡು ಮೀಟರಿಗಿಂತ ಎತ್ತರ ಬೆಳೆಸುವ ಗಿಡವನ್ನು ಗಡಿಯಿಂದ ಎರಡು ಮೀಟರು ಒಳಗೆ ನೆಡಬೇಕು, ಅದಕ್ಕಿಂತ ಗಿಡ್ಡ ಇರುವುದನ್ನು ಅರ್ಧ ಮೀಟರು ಒಳಗೆ. ಆದರೆ ಆ ಊರಿನಲ್ಲಿ ಬೇರೆ ರೂಢಿ ಇದ್ದರೆ ರೂಢಿಯೇ ಮೊದಲು. ನನಗೆ ಹಿಡಿಸಿದ್ದು ಈ ಕೊನೆಯ ಮಾತು. ಅಂಥ ದೊಡ್ಡ ಕಾಯ್ದೆಯೂ ಊರಿನ ರೂಢಿಗೆ ದಾರಿ ಬಿಡುತ್ತದೆ. ನಮ್ಮಲ್ಲಿ ರೂಢಿ ಇತ್ತು, ಜೆಸಿಬಿ ಅದನ್ನು ಕಿತ್ತು ಹಾಕಿತು.

ನಮ್ಮ ಮಸ್ಕಿ ಗುಡ್ಡದಲ್ಲಿ ಅಶೋಕನ ಶಾಸನ ಇದೆ. 1915ರಲ್ಲಿ ಅದು ಸಿಕ್ಕ ಮೇಲೆಯೇ ದೇವಾನಾಂಪ್ರಿಯ ಅಂದರೆ ಅಶೋಕ ಅಂತ ಜಗತ್ತಿಗೆ ಖಾತ್ರಿ ಆದದ್ದು. ಆ ಅರಸ ತನ್ನ ಬೇರೆ ಶಾಸನಗಳಲ್ಲಿ ದಾರಿಗುಂಟ ಗಿಡ ನೆಡಿಸಿದ್ದೇನೆ ಅಂತ ಬರೆಸಿದ್ದಾನೆ. ಶಾಲೆಯಲ್ಲಿ ನಾವೆಲ್ಲ ಓದಿದ್ದು ಅದನ್ನೇ. ದಾರಿಯ ಗಿಡದ ನೆರಳಿಗೆ ಜಗಳ ಇಲ್ಲ, ಅದು ನಡೆಯುವವರೆಲ್ಲರದು. ಬದುವಿನ ಗಿಡದ ನೆರಳು ಯಾರದು ಅನ್ನುವ ಪ್ರಶ್ನೆಯನ್ನು ಅರಸ ನಮಗೇ ಬಿಟ್ಟು ಹೋಗಿದ್ದಾನೆ.

ಸಿಂಧನೂರು ಕಡೆ ನೀರಾವರಿ ಹೊಲದವರ ಬದುವಿನ ಜಗಳ ಬೇರೆ ಥರ. ಅಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಭತ್ತ ಹೆಚ್ಚಾಯಿತು. ಭತ್ತದ ಮಡಿಯ ಪಕ್ಕದಲ್ಲಿ ಒಣ ಬೆಳೆ ಇಟ್ಟವನ ಹೊಲಕ್ಕೆ ನೀರು ಜಿನುಗಿ ಜೌಗು ಆಗುತ್ತದೆ, ಆಮೇಲೆ ಸವಳು. ಅಲ್ಲಿ ಬೇಕಾದದ್ದು ಗಿಡದ ಮರೆ ಅಲ್ಲ, ಬಸಿಗಾಲುವೆ. ನೀರು ನಿಲ್ಲಿಸುವವನೇ ತನ್ನ ಕಡೆ ಬಸಿಗಾಲುವೆ ತೋಡಬೇಕು. ಗಾಳಿ, ನೆರಳು, ನೀರು ಮೂರಕ್ಕೂ ನ್ಯಾಯ ಒಂದೇ: ಯಾವನ ಹೊಲದಿಂದ ಹೊರಡುತ್ತದೋ ಅವನೇ ತಡೆಯಬೇಕು.

ನನ್ನ ಅಭಿಪ್ರಾಯ ಇಷ್ಟು. ಪ್ರತಿಯೊಬ್ಬ ರೈತ ಗಡಿಗೆರೆಯಿಂದ ತನ್ನ ಕಡೆ ಮೂರಡಿ ಬಿಡಬೇಕು. ಇಬ್ಬರದು ಸೇರಿ ಆರಡಿ. ಹೆಚ್ಚಾಯಿತು ಅನ್ನುವವರಿಗೆ ಲೆಕ್ಕ: ನಾಲ್ಕು ಎಕರೆಗೆ ನಾಲ್ಕೂ ಮಗ್ಗಲು ಮೂರಡಿ ಬಿಟ್ಟರೆ ಹೋಗುವುದು ನಾಲ್ಕೂವರೆ ಗುಂಟೆ ಚಿಲ್ಲರೆ. 160 ಗುಂಟೆಯಲ್ಲಿ ಅದು ನೂರಕ್ಕೆ ಮೂರೂ ಇಲ್ಲ. ಆ ನೆಲದಲ್ಲಿ ಏನು ಮಾಡಬೇಕು ಅನ್ನುವುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ.

1. ಮೊದಲು ಗಡಿ ಖಾತ್ರಿ ಆಗಲಿ. ಅನುಮಾನ ಇದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೆ ಮಾಡಿಸಿರಿ, ಇಬ್ಬರೂ ನಿಂತು ನೋಡಿರಿ. ಗಡಿ ಗೊತ್ತಿಲ್ಲದೆ ನೆಟ್ಟ ಗಿಡ ಬೆಳೆದಷ್ಟೂ ಜಗಳ ಬೆಳೆಯುತ್ತದೆ.

2. ಗಾಳಿ ಬರುವ ಪಡುವಲ ಬದುವಿಗೆ ಕಂಟಿ ಬೇಲಿ ಬೇಕೇ ಬೇಕು. ಲೆಕ್ಕಿ ಉತ್ತಮ. ಆಡು-ಕುರಿ ಮುಟ್ಟುವುದಿಲ್ಲ, ಕಡ್ಡಿ ಚುಚ್ಚಿದರೆ ಹತ್ತುತ್ತದೆ. ಗೊಬ್ಬರಕ್ಕೆ ಸೊಪ್ಪು ಬೇಕು ಅನ್ನುವವರು ಗ್ಲಿರಿಸಿಡಿಯಾ ಹಾಕಲಿ. ವರ್ಷಕ್ಕೆ ಎರಡು ಸಲ ಕತ್ತರಿಸಿ ಆರೇಳು ಅಡಿಗೆ ನಿಲ್ಲಿಸಬೇಕು. ಗೋಡೆಯಂತೆ ಸಂದಿಲ್ಲದೆ ಮುಚ್ಚುವುದು ಬೇಡ. ಗೋಡೆಗೆ ಬಡಿದ ಗಾಳಿ ಮೇಲೆ ಹಾರಿ ಆಚೆ ಜೋರಾಗಿ ಬೀಳುತ್ತದೆ. ತುಸು ತೂರಿ ಹೋಗುವಂತಿದ್ದರೆ ಅಲ್ಲಿಯೇ ಸೋಲುತ್ತದೆ.

3. ಬೇಲಿ ಬೆಳೆಯುವ ತನಕ ಹತ್ತಿಯ ಅಂಚಿಗೆ ಮೂರ್ನಾಲ್ಕು ಸಾಲು ಸಜ್ಜೆ ಇಲ್ಲವೇ ಜೋಳ ಒತ್ತಾಗಿ ಬಿತ್ತಿರಿ. ನಾನು ಈಗ ಹಾಗೇ ಮಾಡುತ್ತಿದ್ದೇನೆ. 2,4-ಡಿ ಅದಕ್ಕೆ ಅಷ್ಟಾಗಿ ತಾಗುವುದಿಲ್ಲ, ಹನಿಯನ್ನೂ ತಡೆಯುತ್ತದೆ, ಎತ್ತಿಗೆ ಮೇವೂ ಆಗುತ್ತದೆ. ಅಂಚಿನ ಸಾಲು ಹೊಸ ಮಾತೇನಲ್ಲ. ಬಿಟಿ ಹತ್ತಿ ಬಂದಾಗ ಸುತ್ತ ಐದು ಸಾಲು ಬೇರೆ ಬೀಜ ಹಾಕಬೇಕು ಅಂತ ನಿಯಮ ಇಟ್ಟು, ಪಾಕೀಟಿನ ಜೊತೆ 120 ಗ್ರಾಂ ಬೇರೆ ಬೀಜದ ಚೀಲ ಕೊಡುತ್ತಿದ್ದರು. ಕಾಯಿಕೊರಕ ಹುಳಕ್ಕೆ ಬಿಟಿ ವಿಷ ಒಗ್ಗಿ ಹೋಗಬಾರದು ಅಂತ. ನಮ್ಮಲ್ಲಿ ಎಷ್ಟೋ ಜನ ಆ ಚೀಲವನ್ನು ಬದುವಿನ ಮೇಲೇ ಎಸೆದೆವು. ಗುಲಾಬಿ ಕಾಯಿಕೊರಕ ಆಮೇಲೆ ಏನು ಮಾಡಿತು ಅಂತ ಎಲ್ಲರೂ ನೋಡಿದ್ದೇವೆ. ಅಂಚು ಅಂದರೆ ದಂಡದ ನೆಲ ಅನ್ನುವ ಬುದ್ಧಿ ನಮ್ಮನ್ನು ಅಲ್ಲಿಯೂ ಕೆಡಿಸಿತು.

4. ದೊಡ್ಡ ಗಿಡ ಉತ್ತರ-ದಕ್ಷಿಣ ಹಾದ ಬದುವಿನ ಮೇಲೆ ಇರಲಿ, ಮೂವತ್ತಡಿಗೊಂದು. ಮೂಡಲ-ಪಡುವಲ ಬದುವಿನ ಮೇಲೆ ಗಿಡ್ಡ ಕಂಟಿ ಸಾಕು. ಅಲ್ಲಿ ಮೊದಲೇ ಗಿಡ ಇದ್ದರೆ ಕಡಿಯಬೇಡಿರಿ. ಹಿಂಗಾರಿ ಬಿತ್ತಿಗೆಗೆ ಮುಂಚೆ ಕೆಳಗಿನ ಟೊಂಗೆ ಸವರಿರಿ. ಬೇರು ಹೊಲಕ್ಕೆ ಹೋಗದಂತೆ ಗಿಡಕ್ಕೂ ಬೆಳೆಗೂ ನಡುವೆ ಎರಡಡಿ ಆಳದ ತಗ್ಗು ತೋಡಿರಿ. ಎರಿ ಮಣ್ಣು ಕುಸಿಯುವುದರಿಂದ ವರ್ಷ ವರ್ಷ ತೆಗೆಯಬೇಕು. ಆ ತಗ್ಗಿನಲ್ಲಿ ಮಳೆ ನೀರೂ ನಿಲ್ಲುತ್ತದೆ.

5. ಬಳ್ಳಾರಿ ಜಾಲಿಯನ್ನು ಮಾತ್ರ ಬದುವಿಗೆ ಬಿಡಬೇಡಿರಿ. ಕುರಿ ಕಾಯಿ ತಿಂದು ಊರ ತುಂಬ ಬೀಜ ಹರಡುತ್ತದೆ. ಅದನ್ನು ಕಡಿಯಲು ಪರವಾನಿಗೆ ಬೇಕಿಲ್ಲ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ, ನೀಲಗಿರಿ, ಸುಬಾಬುಲ್, ಸರ್ವೆ ಇಂಥವಕ್ಕೆ ಬಿಡುವು ಕೊಟ್ಟಿದ್ದಾರೆ. ಬೇರೆ ಗಿಡ ಕಡಿಯುವ ಮುಂಚೆ ಅರಣ್ಯ ಇಲಾಖೆಯಲ್ಲಿ ಕೇಳಿರಿ. ನೆಡುವವರಿಗೆ ಅದೇ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇದೆ. ಬದುಕಿ ಉಳಿದ ಗಿಡ ಒಂದಕ್ಕೆ ಮೂರು ವರ್ಷದಲ್ಲಿ 35, 40, 50 ರೂಪಾಯಿ ಅಂತ ಇಟ್ಟಿದ್ದಾರೆ.

6. ಮಾತು ಬಾಯಿಯಲ್ಲಿ ಬಿಡದೆ ಒಂದು ಹಾಳೆಯ ಮೇಲೆ ಬರೆದು ಇಬ್ಬರೂ ಸಹಿ ಹಾಕಿರಿ. ಯಾವ ಗಿಡ ಯಾರದು, ಟೊಂಗೆ ಯಾರು ಸವರಬೇಕು, ಕಟ್ಟಿಗೆ ಯಾರಿಗೆ, ಕಳೆನಾಶಕ ಹೊಡೆಯುವ ಮುಂಚೆ ಒಂದು ಮಾತು ಹೇಳಬೇಕು, ಗಾಳಿ ಪಕ್ಕದವನ ಕಡೆ ಇದ್ದರೆ ಹೊಡೆಯಬಾರದು. ಹೊಲ ಲೀಜಿಗೆ ಕೊಟ್ಟರೆ ಲೀಜಿನವನಿಗೂ ಇದು ಲಾಗೂ. ಈಗ ಅರ್ಧ ಊರು ಲೀಜಿನ ಮೇಲೇ ನಡೆಯುತ್ತದೆ. ಒಂದು ವರ್ಷಕ್ಕೆ ಬಂದವನಿಗೆ ಬದುವಿನ ಮೇಲೆ ಪ್ರೀತಿ ಎಲ್ಲಿಂದ ಬರಬೇಕು?

ಇದನ್ನೆಲ್ಲ ಊರಲ್ಲಿ ಹೇಳಿದಾಗ ಎರಡು ಆಕ್ಷೇಪ ಬಂದವು. ಒಂದು, ಬದುವಿನ ಕಂಟಿಯಲ್ಲಿ ಹಾವು ಇರುತ್ತದೆ. ನಿಜ. ಆದರೆ ಹಾವು ಇಲಿ ತಿನ್ನುತ್ತದೆ. ಬದು ಬೋಳಾದ ಮೇಲೆ ನನ್ನ ಹೊಲದಲ್ಲಿ ಇಲಿ ಬಿಲ ಹೆಚ್ಚಾದದ್ದು ನಾನೇ ಎಣಿಸಿದ್ದೇನೆ. ಎರಡು, ಗಿಡದ ಮೇಲೆ ಹಕ್ಕಿ ಕೂತು ಜೋಳದ ತೆನೆ ತಿನ್ನುತ್ತವೆ. ಇದೂ ನಿಜ, ಹಾಲ್ದೆನೆಯ ಹೊತ್ತಿಗೆ ಕಾವಲು ಬೇಕು. ಆದರೆ ಕಡ್ಲಿ, ತೊಗರಿಯಲ್ಲಿ ಹಸಿರು ಹುಳ ಬಿದ್ದಾಗ ಹಕ್ಕಿ ಕೂರಲಿ ಅಂತ ಕೃಷಿ ಇಲಾಖೆಯವರೇ ಹೊಲದಲ್ಲಿ ಅಡ್ಡಕಟ್ಟಿಗೆ ನೆಡಿರಿ ಅನ್ನುತ್ತಾರೆ. ಇದ್ದ ಗಿಡ ಕಡಿದು ಸತ್ತ ಕಟ್ಟಿಗೆ ನೆಡುವುದು ಎಂಥ ಬೇಸಾಯ? ಹಂದಿಯ ಕಾಟಕ್ಕೆ ಹಳೆ ಸೀರೆಗಳನ್ನು ಹೊಲದ ಸುತ್ತ ಕಟ್ಟುತ್ತೇವೆ. ಬಣ್ಣದ ಸೀರೆ ಒಂದು ಮಳೆಗಾಲಕ್ಕೆ ಹರಿದು ಹೋಗುತ್ತದೆ. ಬಾರಿ ಮುಳ್ಳಿನ ಬೇಲಿ ತಾನೇ ಚಿಗುರುತ್ತದೆ.

2020ರ ಲಾಕ್‌ಡೌನ್ ಬೇಸಿಗೆಯಲ್ಲಿ ಉದ್ಯೋಗ ಖಾತ್ರಿಯಲ್ಲಿ ನಮ್ಮ ಕಡೆ ಬಹಳ ಬದು ಕಟ್ಟಿದರು. ಮಣ್ಣಿನ ಕೆಲಸ ಚೆನ್ನಾಗಿಯೇ ಆಯಿತು, ನೀರು ನಿಂತಿತು. ಆದರೆ ಮೇಲೆ ಗಿಡ ಇಲ್ಲದ ಬದು ಎರಡು ಜೋರು ಮಳೆಗೆ ಕರಗುತ್ತದೆ. ಇನ್ನು ಮುಂದೆ ಯಾವ ಯೋಜನೆಯಲ್ಲಿ ಬದು ಹಾಕಿಸಿದರೂ ಮಣ್ಣಿನ ಅಳತೆಯ ಜೊತೆ ಮೇಲೆ ಹಚ್ಚಿದ ಗಿಡದ ಲೆಕ್ಕವನ್ನೂ ಪಂಚಾಯಿತಿ ಕೇಳಬೇಕು.

ನನ್ನ ಪಡುವಲ ಬದುವಿಗೆ ಈಗ ಮತ್ತೆ ಲೆಕ್ಕಿ ಕಡ್ಡಿ ಚುಚ್ಚಿದ್ದೇನೆ. ನನ್ನ ಕಡೆಯ ಮೂರಡಿಯಲ್ಲಿ ಮಾತ್ರ. ಸೊಂಟದೆತ್ತರ ಬಂದಿದೆ. ಅಳಿಯ ಇನ್ನೂ ತನ್ನ ಸಾಲು ಬಿಟ್ಟಿಲ್ಲ. ನಾನು ಒತ್ತಾಯ ಮಾಡಿಲ್ಲ. ಆದರೆ ಹೋದ ವರ್ಷ ಔಷಧ ಹೊಡೆಯುವ ಮುಂಚೆ ಮನೆಗೆ ಬಂದು, "ಮಾವ, ನಾಳಿ ಹೊಡಿಸ್ತೀನಿ, ಗಾಳಿ ಇಲ್ಲದ ಹೊತ್ತು ನೋಡಿ" ಅಂದ. ಅದು ನನಗೆ ಅರ್ಧ ಬೇಲಿ ಸಿಕ್ಕಂತೆ.

ಕಾಕಾನ ಕಡೆಯ ಮೂರೂ ಬೇವಿನ ಟೊಂಗೆಗಳನ್ನು ನಾನೇ ಏರಿ ಸವರಿದೆ. ಕಟ್ಟಿಗೆ ಅವರ ಹೊಲದಲ್ಲೇ ಒಟ್ಟಿದೆ, ಅವರಿಗೇ. ನೋಡಿದರು, ಏನೂ ಅನ್ನಲಿಲ್ಲ. ಆ ವರ್ಷದ ಎಳ್ಳಮಾಸಿ ದಿನ ಮಧ್ಯಾಹ್ನ ಬದುವಿನ ಆಚೆಯಿಂದ ಕೂಗಿದರು: "ತಮ್ಮಾ, ಹುಡುಗರನ್ನ ಕರ್ಕೊಂಡು ಬಾ, ಊಟಕ್ಕ ಕುಂದ್ರೂನು." ಹೋದೆವು. ಊಟಕ್ಕೆ ಹಾಸಿದ ಚಾಪೆ ನನ್ನ ಬೇವಿನ ನೆರಳಿನಲ್ಲೇ ಇತ್ತು.

ನಿಮ್ಮ ನಿಮ್ಮ ಊರಿನಲ್ಲಿ ಬದುವಿನ ರೂಢಿ ಏನಿದೆ, ಯಾವ ಕಂಟಿ ಹಾಕಿದ್ದೀರಿ, ಪಕ್ಕದವರ ಜೊತೆ ಯಾವ ಒಪ್ಪಂದ ಮಾಡಿಕೊಂಡಿದ್ದೀರಿ ಅಂತ ಈ ಪತ್ರಿಕೆಗೆ ಬರೆಯಿರಿ. ಕೆಟ್ಟವರೂ ಬರೆಯಿರಿ, ಉಳಿದವರೂ ಬರೆಯಿರಿ.